ನದಿ ದಂಡೆಯ ಉದ್ಯಾನ: ಸುಮ್ಮನೆ ಕೂರುವವರಿಗೆ, ನಡೆಯುವವರಿಗೆ ಏನು ಬೇಕು?

ಸಂಜೆ ನಡಿಗೆ (ಚರ್ಚೆ ಆರಂಭಿಸಿದವರು)

ನದಿ ಹರಿಯುವ ನಗರಗಳಲ್ಲೆಲ್ಲ ಈಗ ದಂಡೆಯನ್ನು ಚಂದಗಾಣಿಸುವ ಉತ್ಸಾಹ. ಯೋಜನೆಯ ಚಿತ್ರಗಳನ್ನು ನೋಡಿದರೆ ಎಲ್ಲವೂ ಒಂದೇ ಅಚ್ಚಿನವು: ನೆಟ್ಟಗೆ ಎದ್ದ ಕಾಂಕ್ರೀಟ್ ಗೋಡೆ, ಅದರ ಮೇಲೆ ಗ್ರಾನೈಟ್ ಹಾಸು, ಬಣ್ಣದ ದೀಪಗಳು, ಸಂಗೀತ ಕಾರಂಜಿ. ಚಿತ್ರದಲ್ಲಿರುವ ಜನರೆಲ್ಲ ನಡೆಯುತ್ತಲೇ ಇರುತ್ತಾರೆ, ಒಬ್ಬರೂ ಕುಳಿತಿರುವುದಿಲ್ಲ. ಕೂರುವುದಾದರೂ ಎಲ್ಲಿ? ನೆರಳೇ ಇಲ್ಲವಲ್ಲ.

ಆಟದ ಯಂತ್ರ, ದೋಣಿ ವಿಹಾರ, ಮಳಿಗೆ, ಸೆಲ್ಫಿಗಾಗಿ ನಿಲ್ಲಿಸುವ ದೊಡ್ಡ ಅಕ್ಷರಗಳು ಎಲ್ಲವನ್ನೂ ಸದ್ಯಕ್ಕೆ ಬದಿಗಿಡೋಣ. ಒಂದಷ್ಟು ಹೊತ್ತು ನೀರು ನೋಡುತ್ತಾ ಕೂತು, ಒಂದಷ್ಟು ನಡೆದು, ಮನಸ್ಸು ಹಗುರ ಮಾಡಿಕೊಂಡು ಮನೆಗೆ ಹೋಗುವುದಕ್ಕೆಂದೇ ಒಂದು ಉದ್ಯಾನ ಬೇಕೆಂದರೆ ಅದು ಹೇಗಿರಬೇಕು? ವಿನ್ಯಾಸ ಬಲ್ಲವರೂ ಬರೀ ಕಾಲುನಡಿಗೆಯ ಅನುಭವವಿರುವವರೂ ಬರೆಯಿರಿ. ‘ಹಸಿರು ಇರಬೇಕು’ ಎಂಬಂಥ ಉತ್ತರ ಬೇಡ. ಹಸಿರು ಎಲ್ಲರಿಗೂ ಬೇಕು.

ಅಳತೆಪಟ್ಟಿ

ಬೆಂಚಿನ ಮಾತು ಆಮೇಲೆ, ಮೊದಲು ನೆರೆಯ ಮಾತು. ನದಿ ಪಕ್ಕದ ಸಮತಟ್ಟಾದ ನೆಲ ನದಿಯೇ ತಂದು ಹರಡಿದ ಮಣ್ಣು. ನದಿ ಮತ್ತೆ ಅಲ್ಲಿಗೆ ಬಂದೇ ಬರುತ್ತದೆ. ಉದ್ಯಾನ ಅಲ್ಲಿ ಬಾಡಿಗೆಗಿದೆ ಅಷ್ಟೇ, ಮಾಲೀಕ ಬಂದ ದಿನ ಜಾಗ ಬಿಟ್ಟುಕೊಡಬೇಕು. ಇದನ್ನು ಒಪ್ಪಿಕೊಂಡು ಮಾಡಿದ ವಿನ್ಯಾಸಕ್ಕೂ ಗೋಡೆ ಕಟ್ಟಿ ತಡೆಯುತ್ತೇನೆಂದು ಮಾಡಿದ ವಿನ್ಯಾಸಕ್ಕೂ ಅಜಗಜಾಂತರ.

ಸಿಂಗಪುರದ ಬಿಷಾನ್–ಆಂಗ್ ಮೊ ಕಿಯೊ ಉದ್ಯಾನವನ್ನು ನೋಡಿ. ಅಲ್ಲಿ ಕಲ್ಲಾಂಗ್ ನದಿ 2.7 ಕಿಲೋಮೀಟರ್ ಉದ್ದದ ನೇರ ಕಾಂಕ್ರೀಟ್ ಕಾಲುವೆಯಾಗಿತ್ತು, ಪಕ್ಕದಲ್ಲಿ ಬೇಲಿ, ಬೇಲಿಯಾಚೆ ಉದ್ಯಾನ. ಕಾಂಕ್ರೀಟನ್ನು ಒಡೆದು, ನದಿಯನ್ನು ಉದ್ಯಾನದೊಳಗೆ ಅಂಕುಡೊಂಕಾಗಿ ಹರಿಯಲು ಬಿಟ್ಟಾಗ ಅದರ ಉದ್ದ 3.2 ಕಿಲೋಮೀಟರ್ ಆಯಿತು. 2012ರಲ್ಲಿ ಜನರಿಗೆ ತೆರೆಯಿತು. ಮಾಮೂಲಿ ದಿನ ಅದು ಮೊಣಕಾಲುದ್ದದ ತೊರೆ, ಜನ ಕಲ್ಲುಗಳ ಮೇಲೆ ಕಾಲಿಟ್ಟು ದಾಟುತ್ತಾರೆ. ಜೋರು ಮಳೆ ಬಂದರೆ ಹುಲ್ಲುಹಾಸೇ ನದಿಯಾಗಿ, ನೀರಿನ ಹರವು ಸುಮಾರು 100 ಮೀಟರ್‌ವರೆಗೆ ಹಿಗ್ಗುತ್ತದೆ. ನೀರು ಏರುವ ಮುನ್ನ ಸೈರನ್ ಮೊಳಗುತ್ತದೆ, ದೀಪ ಮಿನುಗುತ್ತದೆ, ಜನ ಮೇಲಕ್ಕೆ ಹತ್ತುತ್ತಾರೆ. ಮಳೆ ನಿಂತ ಮೇಲೆ ಮತ್ತೆ ಹುಲ್ಲುಹಾಸು.

ಇದರಿಂದ ಕಲಿಯುವುದು ಇಷ್ಟು. ದುಬಾರಿಯಾದದ್ದು, ನೀರು ತಾಗಿದರೆ ಕೆಡುವಂಥದ್ದು ಯಾವುದೂ ಕೆಳಗಿರಬಾರದು. ಶೌಚಾಲಯ, ವಿದ್ಯುತ್ ಫಲಕ, ಕಾವಲುಗಾರನ ಕೋಣೆ ಎಲ್ಲವೂ ಈವರೆಗೆ ಕಂಡ ಅತಿ ದೊಡ್ಡ ನೆರೆಯ ಮಟ್ಟಕ್ಕಿಂತ ಮೇಲೆ. ನಡುವೆ ನಡೆಯುವ ದಾರಿ, ನೆಲಕ್ಕೆ ಬಿಗಿದ ಕಲ್ಲಿನ ಬೆಂಚು. ನೀರಿನಂಚಿನಲ್ಲಿ ಹುಲ್ಲು, ಜೊಂಡು, ದೊಡ್ಡ ಕಲ್ಲು.

ಇನ್ನೊಂದು ಮಾತು, ಇದನ್ನು ಯಾವ ನಕ್ಷೆಯಲ್ಲೂ ಕಾಣುವುದಿಲ್ಲ. ನೆರೆ ಇಳಿದ ಮೇಲೆ ದಾರಿಯ ಮೇಲೆ ಬೆರಳುದ್ದ ಗೋಡು ಉಳಿಯುತ್ತದೆ. ಹಸಿಯಾಗಿದ್ದಾಗಲೇ ಅದನ್ನು ನೀರು ಹಾಯಿಸಿ ತೊಳೆದುಬಿಡಬೇಕು. ಒಣಗಿದರೆ ಗಟ್ಟಿಯಾಗಿ ಹೆರೆಯಬೇಕಾಗುತ್ತದೆ, ಆಮೇಲೆ ವಾರಗಟ್ಟಲೆ ದೂಳು. ತೊಳೆಯುವ ವಾಹನ ಕೆಳಗಿಳಿಯಲು ದಾರಿ ಇಟ್ಟಿದ್ದೀರಾ? ನಾನು ಯಾವ ಯೋಜನೆ ನೋಡಿದರೂ ಮೊದಲು ಹುಡುಕುವುದು ಅದನ್ನೇ.

ನೇರ ಮಾತು

ಕಾಂಕ್ರೀಟ್ ಎಂದ ಕೂಡಲೇ ಮೂಗು ಮುರಿಯುವುದು ಈಗ ಒಂದು ಶೋಕಿಯಾಗಿದೆ. ಅಹಮದಾಬಾದಿನ ಸಾಬರಮತಿ ದಂಡೆಗೆ ಹೋಗಿ ನೋಡಿ, ಎರಡೂ ಬದಿಯಲ್ಲಿ ಹತ್ತು ಕಿಲೋಮೀಟರಿಗೂ ಮೀರಿದ ನಡಿಗೆ ಹಾದಿ. ಒಂದೇ ಒಂದು ವಾಹನ ಅಡ್ಡ ಬರುವುದಿಲ್ಲ. ವಯಸ್ಸಾದವರು ಎಡವುವ ಭಯವಿಲ್ಲದೆ ನಡೆಯುತ್ತಾರೆ. ಜೊಂಡು, ಕೆಸರು, ಅಂಕುಡೊಂಕು ಎಲ್ಲ ಫೋಟೋದಲ್ಲಿ ಚೆನ್ನ. ಮಂಡಿನೋವಿರುವವರಿಗೆ ಬೇಕಾದದ್ದು ಗಟ್ಟಿ ನೆಲ.

ಅಳತೆಪಟ್ಟಿ

ನೇರ ಮಾತು ಅವರೇ, ಗಟ್ಟಿ ನೆಲ ಬೇಕೆಂಬುದರಲ್ಲಿ ಎರಡು ಮಾತಿಲ್ಲ. ಸಾಬರಮತಿಯ ಕೆಳಗಿನ ಹಾದಿಯಲ್ಲಿ ವಾಹನದ ಕಾಟವಿಲ್ಲ ಎಂಬುದೂ ನಿಜ, ಅದು ದೊಡ್ಡ ಗುಣ. ಆದರೆ ಅಲ್ಲಿ ಜನ ನೋಡುತ್ತಿರುವುದು ನದಿಯನ್ನೇ? ಹರವಾಗಿದ್ದ ಪಾತ್ರವನ್ನು ಎರಡೂ ಬದಿಯಿಂದ ಒತ್ತಿ 263 ಮೀಟರಿನ ಸಮ ಅಗಲಕ್ಕೆ ತಂದರು. ವರ್ಷದ ಬಹುಭಾಗ ಅಲ್ಲಿ ನಿಂತಿರುವುದು ನರ್ಮದಾ ಕಾಲುವೆಯಿಂದ ಬಿಟ್ಟು, ಕೆಳಗೆ ವಾಸಣಾ ಬಳಿಯ ಅಡ್ಡಗಟ್ಟೆಯಲ್ಲಿ ತಡೆದ ನೀರು. ಮೇಲಿನ ಧರೋಯಿ ಅಣೆಕಟ್ಟಿನಿಂದ ಹೆಚ್ಚು ನೀರು ಬಿಟ್ಟಾಗ ಕೆಳ ಹಾದಿ ಮುಳುಗುತ್ತದೆ, ಅಷ್ಟರಮಟ್ಟಿಗೆ ನದಿ ತನ್ನ ನೆನಪು ಉಳಿಸಿಕೊಂಡಿದೆ. ದಂಡೆಯ ಮೇಲೆ ಬದುಕು ಕಟ್ಟಿಕೊಂಡಿದ್ದ ಸಾವಿರಾರು ಕುಟುಂಬಗಳು ಊರಂಚಿಗೆ ಹೋಗಬೇಕಾಯಿತು ಎಂಬುದನ್ನೂ ಲೆಕ್ಕದಲ್ಲಿ ಹಿಡಿಯಬೇಕು. ಗಟ್ಟಿ ದಾರಿಗೆ ಇಷ್ಟೆಲ್ಲ ಬೇಕಿರಲಿಲ್ಲ. ಮಣ್ಣಿನ ಇಳಿಜಾರನ್ನು ಹಾಗೇ ಉಳಿಸಿಕೊಂಡು ಅದರ ನೆತ್ತಿಯ ಮೇಲೆ ಗಟ್ಟಿ ದಾರಿ ಹಾಸಬಹುದು.

ನೇರ ಮಾತು

ಸಾವಿರಾರು ಜನ ದಿನವೂ ಬಂದು ಸಂತೋಷಪಡುವ ಜಾಗ ‘ನಿಜವಾದ ನದಿ’ಯಲ್ಲ ಎನ್ನುವುದು ಅವರ ಸಂತೋಷವನ್ನು ಕಡಿಮೆ ಮಾಡುವುದಿಲ್ಲ. ಕುಟುಂಬಗಳ ವಿಷಯ ಒಪ್ಪುತ್ತೇನೆ, ಉಳಿದದ್ದರಲ್ಲಿ ನಮ್ಮಿಬ್ಬರ ದಾರಿ ಬೇರೆ.

ಒಳತಿರುವು

ನೇರ ಗೋಡೆಯಿಂದ ನಿಜಕ್ಕೂ ಕಳೆದುಹೋಗುವುದು ತಿರುವು. ಈ ವಿಷಯದಲ್ಲಿ ನನಗೆ ಸ್ವಲ್ಪ ಹುಚ್ಚು, ಉದ್ದ ಬರೆದರೆ ಸಹಿಸಿಕೊಳ್ಳಿ.

ನದಿ ಬಾಗುವಲ್ಲಿ ನೀರು ಎರಡೂ ಬದಿಯಲ್ಲಿ ಒಂದೇ ರೀತಿ ಇರುವುದಿಲ್ಲ. ಹೊರಬದಿಯಲ್ಲಿ ವೇಗ ಹೆಚ್ಚು, ಆಳ ಹೆಚ್ಚು, ದಂಡೆ ಕೊರೆಯುತ್ತಾ ಕಡಿದಾಗುತ್ತದೆ. ಒಳಬದಿಯಲ್ಲಿ ವೇಗ ಕುಗ್ಗಿ, ನೀರು ಹೊತ್ತು ತಂದ ಮರಳು ಇಳಿದು, ಮೆಲ್ಲನೆ ಜಾರುವ ತಟ್ಟೆಯಂಥ ನೆಲ ತಾನಾಗಿ ಮೂಡುತ್ತದೆ. ಉದ್ಯಾನ ಮಾಡುವವರಿಗೆ ನದಿ ಅರ್ಧ ಕೆಲಸ ಮಾಡಿಕೊಟ್ಟಿರುತ್ತದೆ. ಎತ್ತರದ ಹೊರಬದಿಯಲ್ಲಿ ಬೆಂಚು ಹಾಕಿದರೆ ಮೇಲಿನಿಂದ ಬರುವ ನೀರೂ ಕೆಳಗೆ ಹೋಗುವ ನೀರೂ ಒಂದೇ ನೋಟಕ್ಕೆ ಸಿಗುತ್ತವೆ. ನೀರಿನ ಹತ್ತಿರ ಇಳಿಯುವುದಾದರೆ ಒಳಬದಿಯಲ್ಲಿ ಮಾತ್ರ. ಇದನ್ನು ತಿರುಗಾಮುರುಗಾ ಮಾಡಿ, ಹೊರಬದಿಯಲ್ಲಿ ಮೆಟ್ಟಿಲು ಇಳಿಸಿದ ಜಾಗಗಳಿವೆ. ಬುಡ ಕೊರೆದು ಕೆಳಗಿನ ಮೆಟ್ಟಿಲು ಹೋಗುತ್ತದೆ, ಆಮೇಲೆ ಸರಪಳಿ ಹಾಕಿ ‘ಇಳಿಯಬಾರದು’ ಎಂದು ಫಲಕ ನೇತುಹಾಕುತ್ತಾರೆ.

ನಡೆಯುವವರಿಗೂ ತಿರುವು ಬೇಕು. ಎರಡು ಕಿಲೋಮೀಟರ್ ಮುಂದಿನ ತುದಿ ಮೊದಲ ಹೆಜ್ಜೆಯಲ್ಲೇ ಕಾಣಿಸಿದರೆ ಕಾಲು ಅಲ್ಲೇ ಸೋಲುತ್ತದೆ. ದಾರಿ ಬಳುಕಿ, ಮರದ ಹಿಂದೆ ಸ್ವಲ್ಪ ಮರೆಯಾಗಿ, ಮತ್ತೆ ನೀರು ಕಂಡರೆ ದೂರ ಗೊತ್ತಾಗುವುದಿಲ್ಲ. ದಾರಿಯುದ್ದಕ್ಕೂ ನೀರು ಕಾಣುತ್ತಲೇ ಇರಬೇಕೆಂದೇನೂ ಇಲ್ಲ. ಸದ್ದು ಕೇಳಿಸಿದರೂ ಸಾಕು.

ಮ್ಯೂನಿಕ್ ನಗರದಲ್ಲಿ ಈಸಾರ್ ನದಿಗೆ 2000ರಿಂದ 2011ರವರೆಗೆ ಮಾಡಿದ ಕೆಲಸ ಇದೇ ಬಗೆಯದು. ಸುಮಾರು 8 ಕಿಲೋಮೀಟರ್ ಉದ್ದಕ್ಕೆ ಕಟ್ಟಿದ ದಂಡೆಗಳನ್ನು ಬಿಚ್ಚಿ, ಪಾತ್ರವನ್ನು ಅಗಲ ಮಾಡಿ, ಜಲ್ಲಿಯ ದಿಣ್ಣೆಗಳನ್ನು ನದಿಗೇ ಬಿಟ್ಟರು. ಪ್ರತಿ ನೆರೆಯ ನಂತರ ಆ ದಿಣ್ಣೆಗಳ ಆಕಾರ ಬದಲಾಗುತ್ತದೆ. ನಗರದ ನಟ್ಟನಡುವೆ ಜನ ಆ ಜಲ್ಲಿಯ ಮೇಲೆ ಬಟ್ಟೆ ಹಾಸಿ ಮಲಗಿರುತ್ತಾರೆ. ಅಲ್ಲಿ ಗ್ರಾನೈಟ್ ಬೇಕು ಎಂದು ಯಾರೂ ಕೇಳಿದಂತಿಲ್ಲ.

ಗಾಲಿಕುರ್ಚಿ

ಜಲ್ಲಿಯ ಮೇಲೆ ನನ್ನ ಕುರ್ಚಿ ಒಂದು ಅಡಿಯೂ ಉರುಳುವುದಿಲ್ಲ, ಆದ್ದರಿಂದ ನೇರ ಮಾತು ಅವರ ಕಡೆಗೆ ನನ್ನ ಅರ್ಧ ಮತ.

ಗೋಡೆ ಬೇಡ, ಇಳಿಜಾರು ಸಾಕು. ಆದರೆ ಲೆಕ್ಕಾಚಾರದ ಇಳಿಜಾರು. 1 ಮೀಟರ್ ಇಳಿಯಲು ಕನಿಷ್ಠ 12 ಮೀಟರ್ ಉದ್ದ ಬೇಕು, ಅದಕ್ಕಿಂತ ಕಡಿದಾದರೆ ಇಳಿಯುವುದು ಸುಲಭ, ಹತ್ತುವುದು ಯಾರದೋ ಕೈಯಲ್ಲಿ. 20ಕ್ಕೆ 1 ಆದರೆ ಅದು ಇಳಿಜಾರೆಂದೇ ಅನಿಸುವುದಿಲ್ಲ, ಮಗುವಿನ ತಳ್ಳುಗಾಡಿಗೂ ಊರುಗೋಲಿಗೂ ಅದೇ ಸುಖ. ನದಿ ದಂಡೆಯಲ್ಲಿ ಉದ್ದಕ್ಕೇನು ಬರ? ದಾರಿಯನ್ನು ನದಿಯ ಜೊತೆಗೇ ಓರೆಯಾಗಿ ಇಳಿಸುತ್ತಾ ಹೋದರೆ ಆಯಿತು. ಆದರೂ ಎಲ್ಲ ಕಡೆ ನೇರ ಮೆಟ್ಟಿಲು ಹಾಕುತ್ತಾರೆ.

ಯಾರೂ ಗಮನಿಸದ ಇನ್ನೊಂದು ಸಂಗತಿ ಕಟಕಟೆ. ಅದರ ಮೇಲ್ಪಟ್ಟಿ ಸಾಮಾನ್ಯವಾಗಿ 1.1 ಮೀಟರ್ ಎತ್ತರದಲ್ಲಿರುತ್ತದೆ. ಕುಳಿತವರ ಕಣ್ಣೂ ಹೆಚ್ಚುಕಡಿಮೆ ಅಷ್ಟೇ ಎತ್ತರದಲ್ಲಿ. ನಿಂತವರು ನದಿ ನೋಡುತ್ತಾರೆ, ನಾನು ದಪ್ಪ ಉಕ್ಕಿನ ಕೊಳವೆಯನ್ನು ನೋಡುತ್ತೇನೆ. ಮೇಲ್ಪಟ್ಟಿ ತೆಳುವಾಗಿರಲಿ, ಕೆಳಗೆ ಉದ್ದುದ್ದ ಸಣ್ಣ ಸರಳುಗಳಿರಲಿ. ಅಡ್ಡ ಸರಳುಗಳಾದರೆ ಮಕ್ಕಳು ಏಣಿ ಮಾಡಿಕೊಳ್ಳುತ್ತಾರೆ.

ಬೆಂಚುಗಳ ಬಗ್ಗೆ: ಕೂರುವ ಎತ್ತರ 45 ಸೆಂಟಿಮೀಟರ್ ಆಸುಪಾಸು, ಬೆನ್ನಿಗೆ ಒರಗು, ತೋಳಿಗೆ ಆಸರೆ. ತೋಳಿನ ಆಸರೆ ಇಲ್ಲದ ಬೆಂಚಿನಿಂದ ಎದ್ದೇಳುವುದು ವಯಸ್ಸಾದವರಿಗೆ ಎಷ್ಟು ಕಷ್ಟ ಎಂದು ಬೆಂಚು ಕೊಳ್ಳುವವರಿಗೆ ಗೊತ್ತಿರುವುದಿಲ್ಲ. ಪ್ರತಿ ಬೆಂಚಿನ ಪಕ್ಕದಲ್ಲೂ ಒಂದು ಗಾಲಿಕುರ್ಚಿ ನಿಲ್ಲುವಷ್ಟು ಗಟ್ಟಿ ನೆಲ ಬಿಡಿ. ಜೊತೆಗೆ ಬಂದವರು ಬೆಂಚಿನ ಮೇಲೆ, ನಾನು ದಾರಿಯ ಮಧ್ಯೆ ಎಲ್ಲರಿಗೂ ಅಡ್ಡವಾಗಿ ಎಂಬ ಪರಿಸ್ಥಿತಿ ಸಾಕಾಗಿದೆ.

ಸಂಜೆ ನಡಿಗೆ

ಕಟಕಟೆಯ ವಿಷಯ ನನಗೆ ಹೊಳೆದೇ ಇರಲಿಲ್ಲ. ಬೆಂಚನ್ನು ಯಾವ ದಿಕ್ಕಿಗೆ ಇಡಬೇಕು ಎಂಬುದನ್ನೂ ಯಾರಾದರೂ ಹೇಳಿ.

ಒಳತಿರುವು

ಪಡುವಣಕ್ಕೆ ಮುಖ ಮಾಡಿದ ಬೆಂಚು ಸೂರ್ಯಾಸ್ತದ ಫೋಟೋಗೆ ಒಳ್ಳೆಯದು, ಕೂರಲು ಅಲ್ಲ. ಸೂರ್ಯ ಕೆಳಗಿಳಿದಷ್ಟೂ ನೀರು ಕನ್ನಡಿಯಾಗುತ್ತದೆ, ಬಿಸಿಲು ಮೇಲಿನಿಂದಲೂ ಕೆಳಗಿನಿಂದಲೂ ಕಣ್ಣಿಗೆ ಹೊಡೆಯುತ್ತದೆ. ಅಂಥ ಕಡೆ ಬೆಂಚಿನ ಮುಂದೆ, ನೀರಿನ ಬದಿಗೆ, ಕೊಂಬೆ ಬಾಗುವ ಮರ ಬೇಕು. ಹೊಳೆಮತ್ತಿ, ನೀರಂಜಿಯಂಥವು ನೀರಿನಂಚಿನಲ್ಲೇ ಬೇರು ಬಿಡುವ ಮರಗಳು, ದಂಡೆಯ ಮಣ್ಣನ್ನೂ ಹಿಡಿದಿಡುತ್ತವೆ. ಅಲಂಕಾರದ ತಾಳೆ ಸಾಲು ನೆರಳೂ ಕೊಡುವುದಿಲ್ಲ, ಮಣ್ಣನ್ನೂ ಅಷ್ಟಾಗಿ ಹಿಡಿಯುವುದಿಲ್ಲ.

ಕೆಲವು ಕುರ್ಚಿಗಳನ್ನು ನೆಲಕ್ಕೆ ಬಿಗಿಯದೇ ಬಿಡಬೇಕು ಎಂಬುದು ನನ್ನ ಆಸೆ. 1970ರ ದಶಕದಲ್ಲಿ ನ್ಯೂಯಾರ್ಕಿನ ಚೌಕಗಳಲ್ಲಿ ಕ್ಯಾಮೆರಾ ಇಟ್ಟು ಜನರ ನಡವಳಿಕೆ ಗಮನಿಸಿದ ವಿಲಿಯಂ ವೈಟ್ ಕಂಡದ್ದು ಇದು: ಬೇಕಾದಂತೆ ಸರಿಸಬಹುದಾದ ಕುರ್ಚಿ ಕೊಟ್ಟರೆ ಜನ ಕೂರುವ ಮುನ್ನ ಅದನ್ನು ಒಂದಿಷ್ಟಾದರೂ ಅತ್ತಿತ್ತ ಸರಿಸುತ್ತಾರೆ. ಕೆಲವೊಮ್ಮೆ ಬರೀ ಅಂಗುಲ ಮಾತ್ರ. ಜಾಗ ತನ್ನದಾಗುವುದು ಆ ಅಂಗುಲದಿಂದಲೇ.

ಅಳತೆಪಟ್ಟಿ

ಬಿಗಿಯದ ಕುರ್ಚಿ ಮೊದಲ ನೆರೆಗೇ ಸಮುದ್ರ ಸೇರುತ್ತದೆ. ಮೇಲಿನ ಹಂತದಲ್ಲಿ ಇಡಿ, ಆಕ್ಷೇಪಣೆ ಇಲ್ಲ.

ಮೂಗು ಮುಚ್ಚಿದವ

ಎಲ್ಲರೂ ನೀರು ಎಂದಾಗ ಶುದ್ಧ ನೀರನ್ನೇ ಊಹಿಸಿಕೊಂಡು ಬರೆಯುತ್ತಿದ್ದೀರಿ. ಬಹುತೇಕ ನಗರಗಳ ನದಿ ನಾರುತ್ತದೆ. ಕೊಳಚೆಯಲ್ಲಿ ಆಮ್ಲಜನಕ ಮುಗಿದು, ತಳದ ಕೆಸರಿನಿಂದ ಹೈಡ್ರೋಜನ್ ಸಲ್ಫೈಡ್ ಏಳುವಲ್ಲಿ ಎಷ್ಟು ಒಳ್ಳೆಯ ಬೆಂಚು ಹಾಕಿದರೂ ಖಾಲಿ ಇರುತ್ತದೆ. ಒಳಚರಂಡಿ ಮೊದಲು, ಉದ್ಯಾನ ಆಮೇಲೆ.

1858ರ ಬೇಸಿಗೆಯಲ್ಲಿ ಥೇಮ್ಸ್ ನದಿಯ ದುರ್ನಾತಕ್ಕೆ ಬ್ರಿಟನ್ನಿನ ಸಂಸತ್ತೇ ಕಂಗೆಟ್ಟಿತ್ತು. ಆಮೇಲೆ ಇಂಜಿನಿಯರ್ ಜೋಸೆಫ್ ಬಝಲ್‌ಗೆಟ್ ಕೊಳಚೆ ನದಿಗೆ ಬೀಳುವ ಮುನ್ನವೇ ಅದನ್ನು ತಡೆದು ಒಯ್ಯುವ ದೊಡ್ಡ ಕೊಳವೆಗಳನ್ನು ಹಾಕಿಸಿದ. 1870ರಲ್ಲಿ ತೆರೆದ ವಿಕ್ಟೋರಿಯಾ ದಂಡೆಯ ಮೇಲೆ ಇವತ್ತು ಜನ ಮರದ ನೆರಳಲ್ಲಿ ಅಡ್ಡಾಡುವುದು ಅಂಥ ಒಂದು ಕೊಳವೆಯ ಮೇಲೆಯೇ. ನದಿ ದಂಡೆಯ ಅಂದದ ನಡಿಗೆ ಹಾದಿ ಹುಟ್ಟಿದ್ದೇ ಚರಂಡಿಯ ಕೆಲಸದಿಂದ ಎಂದರೆ ತಪ್ಪಾಗದು.

ಸೊಳ್ಳೆಯ ಬಗ್ಗೆಯೂ ಸೇರಿಸುತ್ತೇನೆ. ಹರಿಯುವ ನೀರಿನಲ್ಲಿ ಸೊಳ್ಳೆ ಅಷ್ಟಾಗಿ ಬೆಳೆಯುವುದಿಲ್ಲ. ನಿಂತ ಕೊಳಚೆ, ಕಲ್ಲುಹಾಸಿನ ಕುಳಿ, ಒಡೆದ ಚರಂಡಿ, ಕೆಟ್ಟು ನಿಂತ ಕಾರಂಜಿಯ ತೊಟ್ಟಿ ಅದರ ತವರು.

ಪುಟ್ಟ ಹೆಜ್ಜೆ

ದಕ್ಷಿಣ ಕೊರಿಯಾದ ಸೋಲ್ ನಗರದ ಚೊಂಗ್ಯೆಚೊನ್ ತೊರೆಯ ಬಗ್ಗೆ ಏನು ಹೇಳುತ್ತೀರಿ? ಮೇಲ್ಸೇತುವೆ ಹೆದ್ದಾರಿ ಕೆಡವಿ, ಮುಚ್ಚಿಹೋಗಿದ್ದ ತೊರೆಯನ್ನು 2005ರಲ್ಲಿ ತೆರೆದರು. ಅದು ಈಗ ಲೋಕಪ್ರಸಿದ್ಧ.

ಮೂಗು ಮುಚ್ಚಿದವ

ಹರಿಯುತ್ತಿರುವುದು ಹೆಚ್ಚಾಗಿ ಹಾನ್ ನದಿಯಿಂದ ಪಂಪ್ ಮಾಡಿ ತಂದ ನೀರು, ದಿನಕ್ಕೆ ಸುಮಾರು 1,20,000 ಟನ್. ಪಂಪು ನಿಂತರೆ ತೊರೆ ನಿಲ್ಲುತ್ತದೆ. ಆದರೂ ಅದನ್ನು ಹಳಿಯಲು ಮನಸ್ಸಾಗುವುದಿಲ್ಲ. ಪಕ್ಕದ ರಸ್ತೆಗಳಿಗಿಂತ ತೊರೆಯ ಬಳಿ ಬೇಸಿಗೆಯ ಉಷ್ಣಾಂಶ 3ರಿಂದ 6 ಡಿಗ್ರಿಯಷ್ಟು ಕಡಿಮೆ ಎಂದು ಅಳೆದಿದ್ದಾರೆ, ರಸ್ತೆಯ ಮಟ್ಟದಿಂದ ಕೆಳಗಿಳಿಯುವುದರಿಂದ ವಾಹನದ ಸದ್ದೂ ತಲೆಯ ಮೇಲೆಯೇ ಉಳಿಯುತ್ತದೆ. ಹೆದ್ದಾರಿಗಿಂತ ಪಂಪಿನ ತೊರೆ ಸಾವಿರ ಪಾಲು ಮೇಲು. ನೈಸರ್ಗಿಕ ಎಂದು ಮಾತ್ರ ಕರೆಯಬೇಡಿ.

ಕತ್ತಲೆಯ ಬಾವಲಿ

ಬಣ್ಣದ ದೀಪಗಳ ಬಗ್ಗೆ ಮೊದಲ ಬರಹದಲ್ಲಿ ಬಂದದ್ದನ್ನು ಯಾರೂ ಕೈಗೆತ್ತಿಕೊಳ್ಳಲಿಲ್ಲ. ನದಿ ನಗರದ ಕೊನೆಯ ಕತ್ತಲೆಯ ಓಣಿ. ಬಾವಲಿಗಳು, ರಾತ್ರಿ ಹಾರುವ ಕೀಟಗಳು ಆ ಓಣಿಯಲ್ಲೇ ಓಡಾಡುತ್ತವೆ. ನೀರಿನಲ್ಲಿ ಬೆಳೆದು ಒಂದೇ ಸಂಜೆ ರೆಕ್ಕೆ ಬಿಚ್ಚುವ ಒಂದು ದಿನದ ಕೀಟಗಳು ಸೇತುವೆಯ ದೀಪಕ್ಕೆ ಮುತ್ತಿ, ಡಾಂಬರಿನ ಹೊಳಪನ್ನು ನೀರೆಂದು ತಿಳಿದು ರಸ್ತೆಯ ಮೇಲೆ ಮೊಟ್ಟೆಯಿಟ್ಟು ಸಾಯುತ್ತವೆ. ಡ್ಯಾನ್ಯೂಬ್ ನದಿಯ ಸೇತುವೆಗಳಲ್ಲಿ ಹಂಗೇರಿಯ ವಿಜ್ಞಾನಿಗಳು ಇದನ್ನು ದಾಖಲಿಸಿದ್ದಾರೆ. ಮೀನಿಗೂ ಹಕ್ಕಿಗೂ ಹೋಗಬೇಕಾದ ಆಹಾರ ಡಾಂಬರಿನ ಮೇಲೆ ಒಣಗುತ್ತದೆ. ನೀರಿನ ಮೇಲೆ ದೀಪ ಬೇಡವೇ ಬೇಡ. ಸೂರ್ಯ ಮುಳುಗಿದ ಮೇಲೆ ಉದ್ಯಾನ ಮುಚ್ಚಿದರೂ ನನಗೆ ಬೇಸರವಿಲ್ಲ.

ಪುಟ್ಟ ಹೆಜ್ಜೆ

ನಿಮಗೆ ಬೇಸರವಿಲ್ಲದಿರಬಹುದು. ದಿನವಿಡೀ ಕೆಲಸ ಮಾಡುವ ಹೆಂಗಸರಿಗೆ ನಡೆಯಲು ಸಿಗುವುದೇ ಸೂರ್ಯ ಮುಳುಗಿದ ಮೇಲಿನ ಒಂದು ಗಂಟೆ. ಕತ್ತಲೆಯ ಓಣಿ ಎಂಬ ಮಾತು ಕೇಳಿದರೇ ನನಗೆ ಮೈ ಜುಮ್ಮೆನ್ನುತ್ತದೆ, ಆ ಓಣಿಯಲ್ಲಿ ಬಾವಲಿಗಳು ಮಾತ್ರ ಇರುವುದಿಲ್ಲ ಸ್ವಾಮಿ.

ಕತ್ತಲೆಯ ಬಾವಲಿ

ದೀಪವೇ ಬೇಡ ಎನ್ನಲಿಲ್ಲ. ದಾರಿಗೆ ದೀಪ ಇರಲಿ, ಸೊಂಟದ ಎತ್ತರದಲ್ಲಿ, ಬೆಳಕು ಕೆಳಕ್ಕೆ ಮಾತ್ರ ಬೀಳುವಂತೆ ಮುಚ್ಚಳ ಹಾಕಿ. ನೀಲಿ ಅಂಶ ಕಡಿಮೆಯಿರುವ ಹಳದಿ ಬೆಳಕು, ಬೆಳಕಿನ ಬಣ್ಣದ ಅಳತೆಯಲ್ಲಿ 2700 ಕೆಲ್ವಿನ್ ಅಥವಾ ಇನ್ನೂ ಕಡಿಮೆ. ಕೀಟಗಳು ಅದಕ್ಕೆ ಅಷ್ಟಾಗಿ ಮುತ್ತುವುದಿಲ್ಲ.

ಪುಟ್ಟ ಹೆಜ್ಜೆ

ಸೊಂಟದ ಎತ್ತರದ ದೀಪದಲ್ಲಿ ಎದುರಿಗೆ ಬರುವವರ ಚಪ್ಪಲಿ ಕಾಣುತ್ತದೆ, ಮುಖ ಕಾಣುವುದಿಲ್ಲ. ಮುಖ ಕಾಣಬೇಕು, ಅದು ಮುಖ್ಯ. ಹಳದಿ ಬೆಳಕೇ ಇರಲಿ, ಮುಚ್ಚಳವೂ ಇರಲಿ, ಆದರೆ ಕಂಬ ಆಳೆತ್ತರಕ್ಕಿಂತ ಮೇಲಿರಲಿ, ಬೆಳಕು ನದಿಯ ಕಡೆ ಚೆಲ್ಲದೆ ದಾರಿಯ ಮೇಲೆ ಬೀಳಲಿ. ಅದಕ್ಕಿಂತ ಹೆಚ್ಚಾಗಿ, ದಾರಿಯ ಅಂಚಿನಲ್ಲಿ ಭುಜದೆತ್ತರದ ಪೊದೆ ಬೇಡ. ನೆಲಕ್ಕಂಟಿದ ಗಿಡ ಅಥವಾ ಕೊಂಬೆ ಮೇಲಿರುವ ಮರ ಎರಡೂ ಸರಿ, ನಡುವಿನದು ಬೇಡ. ನದಿಯೊಂದು ಕಡೆ, ಕಾಂಪೌಂಡ್ ಗೋಡೆ ಇನ್ನೊಂದು ಕಡೆ, ಒಂದು ಕಿಲೋಮೀಟರಿನವರೆಗೆ ಹೊರಬರಲು ಬಾಗಿಲೇ ಇಲ್ಲ ಎಂಬ ವಿನ್ಯಾಸ ಮಾಡಿದವರು ಒಮ್ಮೆಯಾದರೂ ಅಲ್ಲಿ ಒಂಟಿಯಾಗಿ ನಡೆದು ನೋಡಲಿ. ಬೀದಿಗೆ ತೆರೆಯುವ ಬಾಗಿಲುಗಳು ಹೆಚ್ಚಿದಷ್ಟೂ ಜನ ಹೆಚ್ಚು, ಜನ ಹೆಚ್ಚಿದಷ್ಟೂ ಧೈರ್ಯ.

ಕತ್ತಲೆಯ ಬಾವಲಿ

ನೀರಿನ ಕಡೆಗೆ ಚೆಲ್ಲದಿದ್ದರೆ ನನ್ನ ಒಪ್ಪಿಗೆ ಇದೆ. ಎದುರು ದಂಡೆಯನ್ನಾದರೂ ಪೂರ್ತಿ ಕತ್ತಲೆಯಲ್ಲಿ ಬಿಡಿ.

ಪುಟ್ಟ ಹೆಜ್ಜೆ

ಅಲ್ಲಿ ದಾರಿಯೇ ಇಲ್ಲದಿದ್ದರೆ, ಧಾರಾಳವಾಗಿ.

ಎರಡು ಚಕ್ರ

ಸೈಕಲ್‌ಗೂ ಜಾಗ ಇರಲಿ.

ನೇರ ಮಾತು

ಇರಲಿ, ಆದರೆ ಬೇರೆ ದಾರಿಯಲ್ಲಿ, ಮೇಲಿನ ಹಂತದಲ್ಲಿ. ನೆಲಕ್ಕೆ ಬಿಳಿ ಗೆರೆ ಎಳೆದು ‘ಇತ್ತ ಸೈಕಲ್, ಅತ್ತ ಜನ’ ಎಂದರೆ ಯಾರೂ ಪಾಲಿಸುವುದಿಲ್ಲ. ಹಿಂದಿನಿಂದ ಗಂಟೆ ಬಾರಿಸುತ್ತಿದ್ದರೆ ಅದು ವಿಶ್ರಾಂತಿಯಲ್ಲ, ಸಂಚಾರ.

ಒಳತಿರುವು

ಮ್ಯಾಡ್ರಿಡ್‌ನ ಮನ್ಸನಾರೆಸ್ ನದಿಯ ಕಥೆಯನ್ನೂ ಇಲ್ಲಿ ಹೇಳಿಬಿಡುತ್ತೇನೆ, ನೇರ ಮಾತು ಅವರಿಗೂ ಅಳತೆಪಟ್ಟಿ ಅವರಿಗೂ ಸೇರಿಸಿ. ನದಿಯ ಎರಡೂ ಬದಿ ಹಬ್ಬಿದ್ದ ಹೆದ್ದಾರಿಯನ್ನು ಸುರಂಗಕ್ಕೆ ಇಳಿಸಿ, ಮೇಲೆ ಉದ್ದನೆಯ ಉದ್ಯಾನ ಮಾಡಿ 2011ರಲ್ಲಿ ಮುಗಿಸಿದರು. ಅಪಾರ ವೆಚ್ಚದ ಕೆಲಸ. ಆದರೆ ನದಿ ಮಾತ್ರ ಅಡ್ಡಗಟ್ಟೆಗಳ ಗೇಟುಗಳ ಹಿಂದೆ ನಿಂತ ನೀರಾಗಿಯೇ ಇತ್ತು. ಪರಿಸರ ಸಂಘಟನೆಯವರು ಗೇಟು ಎತ್ತಿ ಎಂದರು, 2016ರಲ್ಲಿ ಎತ್ತಿದರು. ಮರಳಿನ ದ್ವೀಪಗಳು ಎದ್ದವು, ಜೊಂಡು ಬಂತು, ಕೊಕ್ಕರೆಗಳು ಬಂದವು. ಕಾಂಕ್ರೀಟಿನ ದಂಡೆ ಹಾಗೇ ಇದೆ, ಗಟ್ಟಿ ನೆಲದ ಮೇಲೆ ನಡೆಯುವವರಿಗೆ ತೊಂದರೆಯಾಗಿಲ್ಲ. ಈಗಾಗಲೇ ಗೋಡೆ ಕಟ್ಟಿಬಿಟ್ಟ ಕಡೆ ಮೊದಲು ಪ್ರಯತ್ನಿಸಬೇಕಾದದ್ದು ಇದನ್ನೇ.

ನೇರ ಮಾತು

ಗೇಟು ಎತ್ತಿದರೆ ಬೇಸಿಗೆಯಲ್ಲಿ ನೀರೇ ಇಲ್ಲದ ನದಿಗಳ ಗತಿ? ಬರೀ ಕಲ್ಲುಬಂಡೆ ನೋಡಲು ಯಾರು ಬರುತ್ತಾರೆ?

ಒಳತಿರುವು

ನಾನು ಬರುತ್ತೇನೆ. ಬೇಸಿಗೆಯ ಬಂಡೆ, ನಡುವೆ ಉಳಿದ ಮಡು, ಮಡುವಿನಲ್ಲಿ ಕಾಯುವ ಮಿಂಚುಳ್ಳಿ, ಇದೂ ನದಿಯೇ. ವರ್ಷಪೂರ್ತಿ ಒಂದೇ ಮಟ್ಟದಲ್ಲಿ ಹೊಳೆಯುವ ನೀರು ಬೇಕೆನ್ನುವವರಿಗೆ ಕೆರೆ ಇದೆ.

ಸಂಜೆ ನಡಿಗೆ

ಕೊನೆಯದಾಗಿ ಒಂದು ಅಳುಕು. ನೀರಿನವರೆಗೆ ಇಳಿಯುವ ಜಾಗ ಬೇಕೆಂದು ಬಹಳ ಮಂದಿ ಹೇಳುತ್ತಾರೆ, ನನಗೂ ಬೇಕು. ಮಕ್ಕಳು ಕಾಲು ತೊಯ್ಸಿಕೊಳ್ಳುವ ಆಸೆ ಯಾರಿಗಿಲ್ಲ? ಆದರೆ ಅಪಘಾತವಾದ ಮರುದಿನ ಇಡೀ ದಂಡೆಗೆ ಬೇಲಿ ಬೀಳುತ್ತದೆ. ಇದಕ್ಕೇನು ಪರಿಹಾರ?

ಅಳತೆಪಟ್ಟಿ

ಇಳಿಯುವ ಜಾಗವನ್ನು ಆರಿಸುವುದರಲ್ಲೇ ಇದೆ. ಒಳತಿರುವು ಅವರು ಹೇಳಿದಂತೆ ಒಳಬದಿ, ಮೆಲ್ಲನೆ ಆಳವಾಗುವ ನೆಲ. ರಭಸವಿದ್ದರೆ 15 ಸೆಂಟಿಮೀಟರ್ ನೀರೂ ದೊಡ್ಡವರನ್ನು ಬೀಳಿಸಬಲ್ಲದು, ಆದ್ದರಿಂದ ಆಳಕ್ಕಿಂತ ವೇಗ ನೋಡಿ. ಅಡ್ಡಗಟ್ಟೆಯ ಕೆಳಗೆ ಮಾತ್ರ ಎಂದೂ ಮೆಟ್ಟಿಲು ಬೇಡ. ಅಲ್ಲಿ ಬಿದ್ದ ನೀರು ತಿರುಗಿ ಗಟ್ಟೆಯ ಕಡೆಗೇ ಎಳೆಯುತ್ತದೆ, ಈಜು ಬಲ್ಲವರೂ ಆ ಸುಳಿಯಿಂದ ಹೊರಬರಲಾರರು. ನೋಡಲು ಅದೇ ಅತ್ಯಂತ ಸುಂದರ ಜಾಗ, ಜನ ಅಲ್ಲಿಗೇ ನುಗ್ಗುತ್ತಾರೆ. ಬೇಲಿ ಹಾಕುವುದಾದರೆ ಅಲ್ಲಿ ಹಾಕಿ, ನೋಡಲು ಮೇಲೊಂದು ಕಟ್ಟೆ ಕೊಡಿ. ಮೇಲೆ ಅಣೆಕಟ್ಟು ಇದ್ದರೆ ಗೇಟು ತೆರೆಯುವವರಿಂದ ಉದ್ಯಾನದ ಸೈರನ್‌ಗೆ ನೇರ ಸಂಪರ್ಕ ಇರಲೇಬೇಕು. ಪತ್ರ ಬಂದು, ಕಡತ ಓಡಿ, ಆಮೇಲೆ ಸೈರನ್ ಎಂದಾದರೆ ಇಳಿಯುವ ಜಾಗವೇ ಬೇಡ.

ಗಾಲಿಕುರ್ಚಿ

ಸೈರನ್ ಕೇಳಿಸಿದ ಮೇಲೆ ಹತ್ತಲು ನನಗೆ ಉಳಿದವರಿಗಿಂತ ಹೆಚ್ಚು ಹೊತ್ತು ಬೇಕು. ಎಚ್ಚರಿಕೆಯ ಸಮಯವನ್ನು ಓಡಬಲ್ಲವರ ಲೆಕ್ಕದಲ್ಲಿ ಇಡಬೇಡಿ, ನನ್ನ ಲೆಕ್ಕದಲ್ಲಿ ಇಡಿ.